ಒಂದು ಮಹಾಪ್ರಾಣದ ಅಂತರ

ಬಣ್ಣ ನಿಲ್ಲುತ್ತಿರಲಿಲ್ಲ. ಮಡಚುವ ಕುರ್ಚಿಯ ಮೇಲೆ ನಿಂತು, ಎಡಗೈಯಲ್ಲಿ ಕಿಟಕಿಯ ಸರಳು ಹಿಡಿದುಕೊಂಡು, ನಿಭಾ ಮೂರನೇ ಸಲ ಕುಂಚವನ್ನು ಬಿಳಿ ಬಣ್ಣದಲ್ಲಿ ಅದ್ದಿ ಬ್ಯಾನರಿನ ಆ ಒಂದು ಅಕ್ಷರದ ಮೇಲೆ ಎಳೆದಳು. ಮೂರನೇ ಸಲವೂ ಬಣ್ಣ ಪ್ಲಾಸ್ಟಿಕ್ಕಿನ ಮೇಲೆ ಮಣಿಮಣಿಯಾಗಿ ಒಡೆಯಿತು, ಎಲ್ಲಿಗೆ ಹೋಗಲಿ ಎಂದು ಒಂದು ಗಳಿಗೆ ಯೋಚಿಸಿತು, ಆಮೇಲೆ ಜಾರಿ ಅವಳ ಮುಂಗೈಯಿಂದ ಮೊಣಕೈಗೆ, ಮೊಣಕೈಯಿಂದ ಸ್ವೆಟರಿನ ತೋಳಿಗೆ ಇಳಿಯಿತು. ಸಿಟ್ಟು ಬರಬೇಕಿತ್ತು. ಬದಲಿಗೆ, ಕಪ್ಪು ಅಕ್ಷರದ ಮೇಲೆ ಬಿಳಿ ಮಣಿಗಳು ಹಾಗೆ ಅಂಟಿಕೊಂಡು ನಿಂತದ್ದು ಚೆನ್ನಾಗಿದೆಯಲ್ಲ, ಕಪ್ಪೆಮೊಟ್ಟೆಯ ಹಾಗಿದೆಯಲ್ಲ ಅನ್ನಿಸಿ, ಎತ್ತಿದ ಕುಂಚ ಎತ್ತಿದ ಹಾಗೇ ನಿಂತುಬಿಟ್ಟಳು. ಇದೇ ಅವಳ ತೊಂದರೆ. ಆರು ತಿಂಗಳಿಂದ ಇದೇ ತೊಂದರೆ. ಹಾಲು ಉಕ್ಕಿದರೆ ಉಕ್ಕುವ ಅಂಚು ನೋಡುತ್ತಾಳೆ, ಒಲೆ ಆರಿಸುವುದಿಲ್ಲ. ಗೋಡೆಗೆ ಪಾಚಿ ಹಿಡಿದರೆ ಉಜ್ಜುವುದಿಲ್ಲ, ಆ ಹಸಿರಿಗೆ ಎಷ್ಟು ಹಳದಿ ಬೇಕು ಎಂದು ಲೆಕ್ಕ ಹಾಕುತ್ತಾಳೆ. ಐವತ್ತೊಂಬತ್ತು ವರ್ಷದ ಹೆಂಗಸು, ಗಂಡ ಸತ್ತು ಇನ್ನೂ ನಾಲ್ಕು ತಿಂಗಳಾಗಿಲ್ಲ, ಜನವರಿಯ ಚಳಿಯ ಬೆಳಿಗ್ಗೆ ಏಳೂವರೆಗೆ ಓಣಿಯ ಕ್ಲಬ್ಬಿನ ಬೀಗ ತೆಗೆದು ಕುರ್ಚಿ ಹತ್ತಿದ್ದಾಳೆ. ಯಾರಾದರೂ ನೋಡಿದರೆ ಏನೆಂದುಕೊಂಡಾರು?

ಯಾರೋ ನೋಡುತ್ತಲೇ ಇದ್ದರು.

"ಬೌದಿ, ಅದು ಫ್ಲೆಕ್ಸ್. ನಿಮ್ಮ ನೀರುಬಣ್ಣ ಅದಕ್ಕೆ ಹತ್ತಲ್ಲ," ಎಂದ ಬಾಪಿ ಬಾಗಿಲಲ್ಲಿ ನಿಂತು. ಕಿವಿ ಮುಚ್ಚುವ ಮಂಕಿ ಟೋಪಿ, ಎರಡೂ ಕೈಯಲ್ಲಿ ಚಹದ ಮಣ್ಣಿನ ಕುಡಿಕೆ. ಅವನು ಮಿಲನ ಸಂಘದ ಕಾರ್ಯದರ್ಶಿ. ಅವನಿಗಷ್ಟೇ ಅಲ್ಲ, ಇಡೀ ಓಣಿಗೆ ನಿಭಾ ಬೌದಿ, ಅಣ್ಣನ ಹೆಂಡತಿ. "ಇಳೀರಿ ಮೊದ್ಲು. ನೀವು ಬಿದ್ದು ಏನಾದ್ರೂ ಮಾಡ್ಕೊಂಡ್ರೆ ಇನ್ನೊಂದು ಬ್ಯಾನರ್ ಮಾಡಿಸ್ಬೇಕಾಗತ್ತೆ."

"ಅದರಲ್ಲೂ ತಪ್ಪು ಹಾಕಿಸ್ತೀಯ."

"ನಾನು ಹಾಕಿಸಿದ್ನಾ?" ಬಾಪಿ ಕುಡಿಕೆಗಳನ್ನು ಕೇರಂ ಬೋರ್ಡಿನ ಅಂಚಿಗೆ ಇಟ್ಟು ಜೇಬಿನಿಂದ ಪಾಕೀಟು ತೆಗೆದ, ಪಾಕೀಟಿನಿಂದ ಒಂದು ಚೀಟಿ. "ಬೌದಿ, ನಾನು ಮಾಸ್ಟರ ಕ್ಲಾಸಲ್ಲಿ ಎರಡು ಸಲ ಫೇಲಾದೋನು, ಒಪ್ಕೋತೀನಿ. ಅದಕ್ಕೇ ನಾನೇ ಏನೂ ಬರೆಯೋಕೆ ಹೋಗ್ಲಿಲ್ಲ. ನೀವು ಬರೆದುಕೊಟ್ಟಿದ್ದನ್ನ ಹಾಗೇ ಪ್ರೆಸ್ಸಿಗೆ ಕೊಟ್ಟೆ. ಮಾಸ್ಟರ ಹೆಂಡತಿ ಬರೆದಿದ್ದಾರೆ ಅಂದ್ರೆ ತಪ್ಪಿರತ್ತಾ? ನೋಡಿ, ಯಾರ ಅಕ್ಷರ?"

ಅವಳು ಕುರ್ಚಿಯಿಂದ ಇಳಿದು ಚೀಟಿ ತೆಗೆದುಕೊಂಡಳು. ಅವಳದೇ ಅಕ್ಷರ, ಒಂದಕ್ಕೊಂದು ತಾಗದೆ ದೂರದೂರ ಕೂತ, ಬಸ್ಸಿನಲ್ಲಿ ಪರಿಚಯವಿಲ್ಲದವರ ಹಾಗಿನ ಅಕ್ಷರ. ನಿಭಾ ಕುಂಡು ಅವರ ಶೋಕದ ಚಿತ್ರಗಳು. ಬರೆಯಬೇಕೆಂದುಕೊಂಡಿದ್ದು ಶೋಖದ ಚಿತ್ರಗಳು. ಶೋಖ ಅಂದರೆ ಯಾರೂ ಹೇಳದೆ, ಯಾರಿಗೂ ಬೇಡದೆ, ತನ್ನ ಪಾಡಿಗೆ ಖುಷಿಗೆ ಮಾಡುವುದು. ಮಹಡಿಯ ಮೇಲೆ ಪಾರಿವಾಳ ಸಾಕುವುದು, ಹಳೆಯ ಬೆಂಕಿಪೊಟ್ಟಣ ಕೂಡಿಡುವುದು. ಶೋಕ ಅಂದರೆ ಶೋಕವೇ. ಕ ಇದ್ದಲ್ಲಿ ಖ ಇರಬೇಕಿತ್ತು. ಒಂದು ಮಹಾಪ್ರಾಣ. ನಿನ್ನೆ ಇಡೀ ದಿನ ಮುನ್ನೂರು ಜನ ಅದರ ಕೆಳಗೆ ನಡೆದು ಒಳಗೆ ಬಂದಿದ್ದರು, ಒಬ್ಬರಿಗೂ ಅದು ತಪ್ಪು ಅನ್ನಿಸಿರಲಿಲ್ಲ. ಅವಳಿಗೇ ಕಂಡದ್ದು ಸಂಜೆ ಬಾಗಿಲು ಹಾಕುವಾಗ.

ಅವಳ ಅಮ್ಮನ ಬಾಯಲ್ಲಿ ಎರಡೂ ಒಂದೇ ಆಗಿದ್ದವು. ಅಮ್ಮ ಪೂರ್ವ ಬಂಗಾಳದ ಬಾರಿಸಾಲದವಳು, ಈ ಕಡೆಯವರ ಬಾಯಲ್ಲಿ ಬಾಂಗಾಲ್, ಗಡಿ ದಾಟಿ ಬರುವಾಗ ಒಂದು ಹಿತ್ತಾಳೆ ಕೊಡ ತಂದಳು, ಮಹಾಪ್ರಾಣಗಳನ್ನು ಆಚೆಗೇ ಬಿಟ್ಟು ಬಂದಳು ಎಂದು ನಿಭಾಳ ಗಂಡ ತಮಾಷೆ ಮಾಡುತ್ತಿದ್ದ. ಮುಖಕ್ಕೆ ಮುಕ, ಸುಖಕ್ಕೆ ಸುಕ. ನಿರಾಶ್ರಿತರ ಕಾಲೊನಿಯ ತಗಡಿನ ಮನೆಯಲ್ಲಿ ಅಮ್ಮ ಬೆಳದಿಂಗಳು ನೋಡಿ ಶೋಕ ಅನ್ನುತ್ತಿದ್ದಳು, ಹೆಣ ನೋಡಿ ಶೋಕ ಅನ್ನುತ್ತಿದ್ದಳು, ಮಕ್ಕಳು ಸಂದರ್ಭ ನೋಡಿ ತಿಳಿದುಕೊಳ್ಳುತ್ತಿದ್ದರು. ಮದುವೆಯಾಗಿ ಈ ಊರಿಗೆ, ಗಂಗೆಯ ಪಶ್ಚಿಮದ ದಡದ ಈ ಶುದ್ಧ ಉಚ್ಚಾರಣೆಯವರ ಮನೆಗೆ ಬಂದ ಮೊದಲ ವಾರ ಗಂಡ ಹಿರಣ್ಮಯ, ಶಾಲೆಯಲ್ಲಿ ಬಂಗಾಳಿ ಕಲಿಸುವ ಹೊಸ ಮೇಷ್ಟರು, ಉತ್ತರಪತ್ರಿಕೆಯ ಅಂಚಿನಿಂದ ಒಂದು ಸಣ್ಣ ಕಾಗದದ ಪಟ್ಟಿ ಹರಿದು ಅವಳ ತುಟಿಯ ಮುಂದೆ ಹಿಡಿದಿದ್ದ. "ಕ ಅನ್ನು." ಕಾಗದ ಅಲುಗಲಿಲ್ಲ. "ಈಗ ಖ ಅನ್ನು." ಅಲುಗಲಿಲ್ಲ. "ಉಸಿರು ಬಿಡೇ. ಜಿಪುಣತನ ಮಾಡಬೇಡ. ಕಾಗದ ಹಾರಬೇಕು." ವರಾಂಡದಲ್ಲಿ ಬಟಾಣಿ ಸುಲಿಯುತ್ತಿದ್ದ ಅವನ ಅಕ್ಕ ರೇಣು ನಗುತ್ತಿದ್ದಳು. "ಬಿಡೋ, ಬಾಂಗಾಲರ ಹುಡುಗಿ, ಮೀನು ತಿನ್ನೋಕೆ ಬಾಯಿ ತೆಗೀತಾಳೆ, ಮಾತಾಡೋಕಲ್ಲ." ಹೊಸ ಸೀರೆ, ಮೈಯೆಲ್ಲ ಬೆವರು, ತುಟಿಯ ಮುಂದೆ ಕಾಗದ. ಮೂರನೇ ದಿನ ಕಾಗದ ಹಾರಿತು. ಆದರೆ ಬಾಯಿ ಕಲಿತದ್ದನ್ನು ಕೈ ಕಲಿಯಲೇ ಇಲ್ಲ. ಸಾಮಾನಿನ ಚೀಟಿ ಬರೆದು ಮೇಜಿನ ಮೇಲಿಟ್ಟರೆ ಅದು ಕೆಂಪು ಇಂಕಿನಲ್ಲಿ ತಿದ್ದಿಸಿಕೊಂಡು ವಾಪಸು ಬರುತ್ತಿತ್ತು, ಕೆಳಗೆ ಅಂಕ: ಹತ್ತಕ್ಕೆ ಐದು. ಅದೇ ಚೀಟಿ ಹಿಡಿದು ಅವಳು ಅಂಗಡಿಗೆ ಹೋಗುತ್ತಿದ್ದಳು. "ಬೌದಿ, ಈ ಸಲ ಐದೇನಾ? ಹೋದ ವಾರ ಆರು ಬಂದಿತ್ತು," ಎಂದು ದಿನಸಿಯವನು ನಿಜವಾಗಿ ಬೇಸರ ಪಟ್ಟುಕೊಳ್ಳುತ್ತಿದ್ದ. ಮೂವತ್ತನಾಲ್ಕು ವರ್ಷ. ಅವಮಾನ ಎಂದು ಕರೆಯುವಷ್ಟು ದೊಡ್ಡದಲ್ಲ, ಚಪ್ಪಲಿಯೊಳಗಿನ ಮರಳಿನಷ್ಟು.

"ಚಹಾ ಆರತ್ತೆ," ಎಂದ ಬಾಪಿ. "ಬೌದಿ, ನನ್ನ ಮಾತು ಕೇಳಿ. ಬಿಟ್ಬಿಡಿ. ಶೋಕ ಅಂತಾನೇ ಚೆನ್ನಾಗಿ ಹೋಗ್ತಿದೆ. ಶೋಖ ಅಂತ ಹಾಕಿದ್ರೆ ಇಷ್ಟು ಜನ ಬರ್ತಿದ್ರು ಅಂದ್ಕೊಂಡ್ರಾ? ಹೋದ ವರ್ಷ ಬೋನ್ಸಾಯ್ ಮರಗಳ ಪ್ರದರ್ಶನ ಮಾಡಿದ್ವಿ. ಹನ್ನೊಂದು ಜನ. ಅದರಲ್ಲಿ ಆರು ಜನ ಮರ ಸಾಕಿದೋರ ಮನೆಯೋರು."

"ಆದರೆ ಸುಳ್ಳಲ್ವಾ ಬಾಪಿ?"

"ಯಾವುದು ಸುಳ್ಳು? ಮಾಸ್ಟರು ಹೋಗಿದ್ದು ಸುಳ್ಳಾ? ನಿಮಗೆ ದುಃಖ ಆಗಿದ್ದು ಸುಳ್ಳಾ?"

ಅಲ್ಲ. ಅದು ಸುಳ್ಳಲ್ಲ. ಅವನಿಗೆ ಹೇಗೆ ಹೇಳುವುದು? ಚಹಾ ಬಿಸಿಯಿತ್ತು, ಶುಂಠಿ ಹೆಚ್ಚು. ಕಿಟಕಿಯ ಬಿಸಿಲು ಕೇರಂ ಬೋರ್ಡಿನ ಪುಡಿಯ ಮೇಲೆ ಬಿದ್ದು ಅದು ಹಿಟ್ಟಿನ ಹಾಗೆ ಹೊಳೆಯುತ್ತಿತ್ತು. ಬಿಳಿ ಅಂದುಕೊಂಡರೆ ಬಿಳಿಯಲ್ಲ, ಬಾಳೆದಿಂಡಿನ ಒಳಮೈ. ನೋಡು, ಮತ್ತೆ. ಅವಳು ಕಣ್ಣನ್ನು ಬಲವಂತವಾಗಿ ಚಹಕ್ಕೆ ತಿರುಗಿಸಿದಳು. ಅಲ್ಲೂ ಒಂದು ಕೆಂಪಂಚಿನ ಕಂದು ಕಾದು ಕೂತಿತ್ತು.

ಜುಲೈನಲ್ಲಿ ಶುರುವಾದದ್ದು. ಆಪರೇಷನ್ ಆಗಿ ಮನೆಗೆ ಬಂದ ಹಿರಣ್ಮಯನನ್ನು ಮುಂದಿನ ಕೋಣೆಯಲ್ಲಿ ಮಲಗಿಸಿದ್ದರು. ಕೂಗುವ ಶಕ್ತಿ ಇಲ್ಲವೆಂದು ಕೈಗೆ ಪೂಜೆಯ ಗಂಟೆ ಕೊಟ್ಟಿದ್ದರು. ಒಂದು ಮಧ್ಯಾಹ್ನ ಅವಳು ಅವನ ಮೇಜು ಒರೆಸುತ್ತಿದ್ದಳು. ಎಂಟು ವರ್ಷದ ಹಿಂದೆ ನಿವೃತ್ತನಾದ ಮೇಲೂ ಅಲ್ಲೇ ಇದ್ದ ಕೆಂಪು ಇಂಕಿನ ಸೀಸೆ ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಮಗುಚಿತು. ಒದ್ದೆ ಬಟ್ಟೆ ಒತ್ತಿದಳು. ಕೆಂಪು ಹೋಗಲಿಲ್ಲ, ಹಿಗ್ಗಿತು. ಅಂಚಿನಲ್ಲಿ ತೆಳುವಾಗಿ, ಸೀಬೆಹಣ್ಣಿನ ಒಳಗಿನ ಬಣ್ಣವಾಗಿ, ನೀರು ಎಲ್ಲಿಗೆ ಹೋಯಿತೋ ಅಲ್ಲಿಗೆ ತಾನೇ ನಡೆಯಿತು. ಅವಳು ಬೆರಳ ತುದಿಯಿಂದ ಇನ್ನೊಂದು ಹನಿ ನೀರು ಬಿಟ್ಟಳು. ಇನ್ನೊಂದು. ಬೆರಳಿನಿಂದ ಎಳೆದರೆ ಒಂದು ದಡ, ಒತ್ತಿದರೆ ಒಂದು ದ್ವೀಪ. ಮೂವತ್ತನಾಲ್ಕು ವರ್ಷ ಅವಳ ತಪ್ಪುಗಳ ಕೆಳಗೆ ಗೆರೆ ಎಳೆದ ಬಣ್ಣ ಅದು. ಅದಕ್ಕೆ ಬೇರೆ ಏನೂ ಬರುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಎಲ್ಲೋ ಗಂಟೆ ಕಿಣಿಕಿಣಿ ಅನ್ನುತ್ತಿತ್ತು. ನದಿಯ ಆಚೆ ದಡದ ಗುಡಿಯ ಗಂಟೆ ಕೇಳಿಸುತ್ತದಲ್ಲ, ಯಾರದೋ ಪೂಜೆ, ಯಾರದೋ ಮನೆಯವರ ಕೆಲಸ, ಹಾಗೆ ಕೇಳಿಸುತ್ತಿತ್ತು. ಎಷ್ಟು ಹೊತ್ತು? ಎದ್ದು ಓಡಿ ಹೋದಾಗ ಅವನು ಗಂಟೆಯನ್ನು ಎದೆಯ ಮೇಲಿಟ್ಟುಕೊಂಡು ಚಾವಣಿ ನೋಡುತ್ತಿದ್ದ. ಅವಳ ಕೈ ನೋಡಿ, "ಯಾರನ್ನ ಕೊಂದು ಬಂದೆ?" ಎಂದ.

"ಇಂಕು ಚೆಲ್ತು."

"ನೀರು ಬೇಕಾಗಿತ್ತು. ಎಷ್ಟು ಹೊತ್ತಿಂದ ಬಾರಿಸ್ತಿದ್ದೀನಿ."

"ಈಗ ಕೇಳಿಸ್ತು ನನಗೆ," ಎಂದಿದ್ದಳು.

ಮರುದಿನ ನಂತುವಿನ ಅಂಗಡಿಗೆ ಹೋಗಿ, ನೋಟ್‌ಬುಕ್ಕುಗಳ ರಾಶಿಯ ಹಿಂದಿನಿಂದ ಅವನು ತಲೆ ಎತ್ತುವ ಮೊದಲೇ, ನೀರುಬಣ್ಣದ ಪೆಟ್ಟಿಗೆ ಕೇಳಿದಳು. "ಮಗು ಯಾವ ಕ್ಲಾಸು ಬೌದಿ?" ಎಂದ ನಂತು. ಮಗು ಇಲ್ಲದ ಹೆಂಗಸಿಗೆ ಆ ಪ್ರಶ್ನೆ ಹೊಸದಲ್ಲ, ಆದರೆ ಉತ್ತರ ಹೊಸದಾಗಿ ಬಂತು: "ಮೂರು. ತಂಗಿಯ ಮೊಮ್ಮಗಳು." ಮೂರನೇ ಕ್ಲಾಸಿಗೆ ಹನ್ನೆರಡು ಬಿಲ್ಲೆಯ ಪೆಟ್ಟಿಗೆ ಸಾಕು ಎಂದು ಅದನ್ನೇ ಕೊಟ್ಟ. ಎರಡು ವಾರಕ್ಕೆ ನೀಲಿ ಮುಗಿಯಿತು. "ಮಗು ನೀಲಿ ತಿನ್ನುತ್ತಾ?" ಎಂದ. ಅವಳು ಕೊಳವೆಯ ಬಣ್ಣ ಕೇಳಿದಳು, ಅಳಿಲಿನ ಕೂದಲಿನ ಕುಂಚ ಕೇಳಿದಳು, ದಪ್ಪ ಕಾಗದ ಕೇಳಿದಳು. ಪ್ರತಿ ಸಲ ಮಗುವಿನ ಪ್ರಗತಿ ವಿವರಿಸಬೇಕಾಗುತ್ತಿತ್ತು. ಮಗುವಿಗೆ ಈಗ ನೆರಳು ಹಾಕುವುದು ಬರುತ್ತದೆ. ಮಗುವಿಗೆ ಪೆಟ್ಟಿಗೆಯ ಹಸಿರು ಹಿಡಿಸುವುದಿಲ್ಲ, ತಾನೇ ಕಲಸಿಕೊಳ್ಳುತ್ತದೆ. ಹೆಮ್ಮೆಯಿಂದ ಹೇಳಿ ಹೊರಗೆ ಬಂದು, ದಾರಿಯುದ್ದಕ್ಕೂ ಮುಖ ಸುಡುತ್ತ, ಪೊಟ್ಟಣವನ್ನು ಚೀಲದ ಬದನೆಕಾಯಿಯ ಕೆಳಗೆ ಬಚ್ಚಿಟ್ಟುಕೊಂಡು ಮನೆ ಸೇರುತ್ತಿದ್ದಳು.

ಆ ಬದನೆಕಾಯಿಯೇ ಮೊದಲ ಚಿತ್ರ. ಅವನು ಮಲಗಿದ ಮೇಲೆ, ಎರಡರಿಂದ ನಾಲ್ಕರವರೆಗೆ, ಗಂಟೆ ಕೇಳಿಸಲೆಂದು ಬಾಗಿಲಿಗೆ ಇಟ್ಟಿಗೆ ಅಡ್ಡ ಇಟ್ಟು, ಊಟದ ಮೇಜಿನ ಮೇಲೆ. ಬದನೆಕಾಯಿ ನೇರಳೆ ಎಂದು ಅಷ್ಟು ವರ್ಷ ನಂಬಿದ್ದಳಲ್ಲ! ಅದರ ಹೊಟ್ಟೆಯ ಮೇಲೆ ಒಂದು ಇಡೀ ಕಿಟಕಿ ಇತ್ತು, ಸರಳುಗಳ ಸಮೇತ, ಸರಳಿನ ಆಚೆ ಇಷ್ಟೇ ಇಷ್ಟು ಆಕಾಶ. ಗಾಳಿಯಾಡಲಿ ಎಂದು ಚಿತ್ರವನ್ನು ಅವನ ಕೋಣೆಯ ಕಿಟಕಿಯ ಕೆಳಗೆ ಒಣಗಲು ಇಟ್ಟು ಮರೆತಳು. ಸಂಜೆ ನೋಡಿದರೆ ಮೂಲೆಯಲ್ಲಿ, ನಡುಗುವ ಪೆನ್ಸಿಲಿನಲ್ಲಿ, ಹತ್ತಕ್ಕೆ ನಾಲ್ಕು.

"ನಾಲ್ಕಾ?" ಎಂದಳು.

"ಬದನೆಕಾಯಿ ಅಂತ ಬರೆದಿದ್ದೀಯ ಕೆಳಗೆ. ಕಾಗುಣಿತ ತಪ್ಪು."

"ಚಿತ್ರಕ್ಕೆ ಎಷ್ಟು?"

ಅವನು ಬಹಳ ಹೊತ್ತು ನೋಡಿದ. "ಚಿತ್ರ ನನ್ನ ವಿಷಯ ಅಲ್ಲ," ಎಂದ.

ಅಂದಿನಿಂದ ಅವಳು ಚಿತ್ರದ ಕೆಳಗೆ ಏನೂ ಬರೆಯಲಿಲ್ಲ. ಇನ್ನು ಮುಂದಿನದನ್ನು ಅವಳು ಯಾರಿಗೂ ಹೇಳಿಲ್ಲ, ಬಾಪಿಗೆ ಹೇಳುವುದೂ ಇಲ್ಲ, ಶುಂಠಿ ಚಹಾ ನುಂಗಿದ ಹಾಗೆ ನುಂಗುತ್ತಾಳೆ: ಆ ಎಂಟು ವಾರ, ಬೆಳಿಗ್ಗೆ ಬೆಡ್‌ಪ್ಯಾನು, ಸಂಜೆ ಇಂಜೆಕ್ಷನ್ನು, ನಡುವೆ ಎರಡರಿಂದ ನಾಲ್ಕು, ಅವಳ ಬದುಕಿನಲ್ಲೇ ಅಷ್ಟು ಸುಖವಾದ ದಿನಗಳು ಬಂದಿರಲಿಲ್ಲ. ಅವನು ಸಾಯುತ್ತಿದ್ದಾನೆ ಎಂದು ಗೊತ್ತಿತ್ತು. ಅವನ ಬೆನ್ನು ಒರೆಸುವಾಗ ಅಳು ಬರುತ್ತಿತ್ತು, ನಿಜವಾಗಿ ಬರುತ್ತಿತ್ತು. ಎರಡು ಗಂಟೆ ಹೊಡೆದರೆ ಅಳು ಎದ್ದು ಹೋಗುತ್ತಿತ್ತು, ಪಾಳಿ ಮುಗಿದ ಗಿರಣಿ ಆಳಿನ ಹಾಗೆ, ತಿರುಗಿ ಕೂಡ ನೋಡದೆ. ಭಾದ್ರಪದದ ಒಂದು ಮಂಗಳವಾರ ಅವನು ಹೋದ. ಅವಳು ಪಕ್ಕದಲ್ಲೇ ಇದ್ದಳು, ಕೈ ಹಿಡಿದಿದ್ದಳು, ಅದರಲ್ಲಿ ಏನೂ ಕುಂದಿಲ್ಲ. ಕುಂದಿದ್ದರೆ ಹದಿನಾಲ್ಕನೇ ದಿನದ್ದು: ಕರ್ಮಾಂತರವೆಲ್ಲ ಮುಗಿದು ನೆಂಟರು ಹೊರಟ ಮಧ್ಯಾಹ್ನ ಗಡಿಯಾರ ಎರಡು ಹೊಡೆದಾಗ ಅವಳ ಬಲಗೈ ತಾನಾಗಿ ಮೇಜಿನ ಮೇಲೆ ಬಣ್ಣದ ಕೆಲಸಕ್ಕೆ ಹಳೆಯ ಪತ್ರಿಕೆ ಹಾಸಿತ್ತು.

ಹತ್ತು ಗಂಟೆಗೆ ಬಾಗಿಲು ತೆರೆದರು. ಬ್ಯಾನರು ಹಾಗೇ ಇತ್ತು, ಒಂದು ಅಕ್ಷರದ ಕೆಳಗೆ ಬಿಳಿಯ ಕಣ್ಣೀರಿನಂಥ ಗೆರೆಗಳೊಂದಿಗೆ. "ಇನ್ನೂ ಚೆನ್ನಾಯ್ತು," ಎಂದ ಬಾಪಿ ತಲೆ ಓರೆ ಮಾಡಿ. ಜನ ಬಂದರು. ಬಿಸಿಲಿಗೆ ಬೆನ್ನು ಕೊಟ್ಟು ಕಿತ್ತಳೆ ಸುಲಿಯುತ್ತ ಅಂಗಳದಲ್ಲಿ ನಿಂತು, ಸಿಪ್ಪೆ ಜೇಬಿಗೆ ಹಾಕಿಕೊಂಡು ಒಳಗೆ ಬರುವಾಗ ಮುಖಗಳನ್ನು ಇಳಿಬಿಟ್ಟುಕೊಂಡರು. ಇಪ್ಪತ್ತಮೂರು ಚಿತ್ರ, ಹಗ್ಗಕ್ಕೆ ಬಟ್ಟೆಯ ಕ್ಲಿಪ್ಪು ಹಾಕಿ ನೇತುಬಿಟ್ಟದ್ದು. ಅವಳ ಮಹಡಿಯ ಮೇಲೆ ಹಾಗೇ ಒಣಗುತ್ತಿದ್ದುದನ್ನು ಸರಸ್ವತಿ ಪೂಜೆಯ ಚಂದಾ ಕೇಳಲು ಬಂದ ಬಾಪಿ ನೋಡಿ ಈ ಪ್ರದರ್ಶನ ಹುಟ್ಟಿಸಿದ್ದ. ಕೊಡೆಯ ಚಿತ್ರದ ಮುಂದೆ ಒಂದು ಗುಂಪು ಯಾವಾಗಲೂ ಇರುತ್ತಿತ್ತು. "ಮಾಸ್ಟರ ಕೊಡೆ," ಎಂದು ಪಿಸುಗುಟ್ಟುವರು. ಅವನದೇ ಕೊಡೆ, ಹೌದು. ಆದರೆ ಅವಳು ಅದನ್ನು ಬರೆದದ್ದು ಬಿಸಿಲಿಗೆ ಬಿಚ್ಚಿಟ್ಟ ಕಪ್ಪು ಬಟ್ಟೆಯಲ್ಲಿ ಕಪ್ಪೇ ಇಲ್ಲ, ನವಿಲಿನ ಕತ್ತು ಇದೆ ಎಂದು ಕಂಡು ಬೆಚ್ಚಿಬಿದ್ದುದಕ್ಕೆ. ತುಕ್ಕು ಹಿಡಿದ ನೀರಿನ ಟ್ಯಾಂಕಿನ ಮುಂದೆ ಹೋಮಿಯೋಪತಿ ಡಾಕ್ಟರು, "ದೇಹ ನಶ್ವರ," ಎಂದಿದ್ದರು ನಿನ್ನೆ. ಕೆಂಪು ಗೆರೆಯ ತೆಳು ಟವಲು, ಗಮ್ಚಾ, ತಂತಿಯ ಮೇಲೆ ಗಾಳಿಗೆ ಉಬ್ಬಿದ ಚಿತ್ರದ ಮುಂದೆ ಒಬ್ಬಳು ಅಪರಿಚಿತ ಹೆಂಗಸು ಅವಳ ಕೈ ಹಿಡಿದು, "ಅವರದಾ?" ಎಂದು ಕೇಳಿದ್ದಳು. ಅದು ನೆಲ ಒರೆಸುವ ಬಟ್ಟೆ. ನಿಭಾ ತಲೆ ತಗ್ಗಿಸಿ ಹೂಂ ಅಂದಿದ್ದಳು. ಹೂಂ ಅಂದದ್ದಷ್ಟೇ ಅಲ್ಲ, ಸೆರಗು ಕಣ್ಣಿಗೆ ಒತ್ತಿಕೊಂಡಿದ್ದಳು.

ಅದಕ್ಕಿಂತ ದೊಡ್ಡದು ರೇಣು ದಿದಿಯದು. ಎಪ್ಪತ್ತಾರರ ರೇಣು, ತಾಯಿ ಸತ್ತ ಮನೆಯಲ್ಲಿ ತಮ್ಮನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು, ತಾನೂ ವಿಧವೆಯಾಗಿ ಇಪ್ಪತ್ತು ವರ್ಷದಿಂದ ಮೂರು ಬೀದಿ ಆಚೆ ಇರುವವಳು, ನಿನ್ನೆ ಬದನೆಕಾಯಿಯ ಮುಂದೆ ನಿಂತು ಗಟ್ಟಿಯಾಗಿ ಅತ್ತಳು. "ಅವನಿಗೆ ಬದನೆಕಾಯಿ ಬೋಂಡ ಅಂದ್ರೆ ಪ್ರಾಣ." ಆಮೇಲೆ ನಿಭಾಳನ್ನು ಎಳೆದು ತಬ್ಬಿಕೊಂಡಳು. ಕರ್ಪೂರ, ಎಲೆ ಅಡಿಕೆಯ ವಾಸನೆ, ಹಕ್ಕಿಯಂಥ ಎಲುಬು. "ನಿನ್ನೊಳಗೆ ಇಷ್ಟಿತ್ತಾ ನಿಭಾ? ನಾನು ಗುರುತಿಸಲಿಲ್ಲ ಕಣೇ. ಬಾಂಗಾಲ್ ಬಾಂಗಾಲ್ ಅಂತ ಆಡ್ಕೊಂಡೆ." ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ. ಅವಳ ಭುಜದ ಮೇಲೆ ಗಲ್ಲ ಇಟ್ಟುಕೊಂಡು ನಿಂತಾಗ ನಿಭಾಳಿಗೆ ಬಿಡಿಸಿಕೊಳ್ಳಬೇಕು ಅನ್ನಿಸಿರಲಿಲ್ಲ. ಯಾರಿಗೋ ಬರೆದ ಕಾಗದ ತನಗೆ ಬಂದಿದೆ, ಓದುತ್ತ ಓದುತ್ತ ಚೆನ್ನಾಗಿದೆ, ಎಂಬ ಹಾಗೆ ನಿಂತೇ ಇದ್ದಳು. ಈಗ ಆ ಅಕ್ಷರ ತಿದ್ದಿದರೆ ಆ ತೋಳುಗಳನ್ನು ವಾಪಸು ಕೊಡಬೇಕು. ಬಣ್ಣ ಫ್ಲೆಕ್ಸಿಗೆ ಹತ್ತದೇ ಹೋದಾಗ ಅವಳೊಳಗೆ ಒಂದು ಮೂಲೆ, ಸದ್ಯ, ಅಂದಿರಲಿಲ್ಲವೇ?

ಹನ್ನೊಂದಕ್ಕೆ ನಂತು ಬಂದ. ಅಂಗಡಿಗೆ ಭಾನುವಾರ ಅರ್ಧ ದಿನ ರಜೆ. ಕೈಯಲ್ಲಿ ಮಂಡಕ್ಕಿಯ ಪೊಟ್ಟಣ. ನಿಭಾ ಟ್ರೋಫಿಗಳ ಕಪಾಟಿನ ಹಿಂದೆ ಸರಿಯುವುದರೊಳಗೆ ಅವನು ಒಂದೊಂದೇ ಚಿತ್ರದ ಹತ್ತಿರ, ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡುತ್ತ ಬಂದ. ಬದನೆಕಾಯಿಯ ಮುಂದೆ ಬಹಳ ಹೊತ್ತು ನಿಂತ.

"ಬೌದಿ, ಈ ನೇರಳೆ ನಮ್ಮಂಗಡೀದಲ್ಲ."

"ಅಲ್ಲ," ಎಂದಳು ನಿಭಾ. "ಕಲಸಿದ್ದು."

"ಮಗು ಕಲಸಿದ್ದಾ?"

ಕುತ್ತಿಗೆಯಿಂದ ಕಿವಿಯವರೆಗೆ ಬಿಸಿ ಏರಿತು; ಅದರ ಬಣ್ಣವೂ ಅವಳಿಗೆ ಗೊತ್ತಿತ್ತು.

"ನಂಗೆ ಮೂರನೇ ವಾರಕ್ಕೇ ಗೊತ್ತಾಯ್ತು ಬಿಡಿ," ಎಂದ ನಂತು, ಮಂಡಕ್ಕಿ ಅವಳ ಕಡೆ ಚಾಚಿ. "ಮಕ್ಕಳು ಯಾರೂ ನೀಲಿ ಮುಗಿಸಲ್ಲ. ಕೆಂಪು ಮುಗಿಸ್ತವೆ. ಆದ್ರೂ ಕೇಳ್ತಿದ್ದೆ. ನೀವು ಮಗು ಬಗ್ಗೆ ಹೇಳೋವಾಗ ಎಷ್ಟು ಖುಷಿಯಾಗಿ ಹೇಳ್ತಿದ್ರಿ." ಬ್ಯಾನರಿನ ಕಡೆ ಗಲ್ಲ ಎತ್ತಿ ತೋರಿಸಿದ. "ಅದೇನದು? ಯಾರು ಹಾಕಿದ್ದು? ಇಲ್ಲಿ ಶೋಕ ಎಲ್ಲಿದೆ? ಈ ಮಗು ಎಷ್ಟು ಮಜಾ ಮಾಡಿದೆ ನೋಡಿ. ಈ ಟ್ಯಾಂಕು ನೋಡಿ, ಈ ತುಕ್ಕು... ಇಷ್ಟು ಮಜಾ ಮಾಡೋಕೆ ಬಿಟ್ಟೋರು ಯಾರು ಈ ಮಗೂನ?"

ಮಂಡಕ್ಕಿಯಲ್ಲಿ ಸಾಸಿವೆ ಎಣ್ಣೆ ಜಾಸ್ತಿಯಿತ್ತು, ಮೂಗಿಗೆ ಹತ್ತಿತು. ಎಲ್ಲರೂ ನೋಡುವ ಹಾಗೆ ಅವಳ ಕಣ್ಣಲ್ಲಿ ನೀರು ಬಂತು, ದೂರದಲ್ಲಿ ಇಬ್ಬರು ಹೆಂಗಸರು ಪಾಪ ಅಂದರು, ನಿಭಾಳಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡಳು. ಭುಜ ಕುಲುಕುತ್ತಿದ್ದುದನ್ನು ನೋಡಿ ಪಾಪ ಅಂದವರು ಇನ್ನೊಮ್ಮೆ ಪಾಪ ಅಂದರು.

ರೇಣು ದಿದಿ ಬಂದದ್ದು ಹನ್ನೆರಡಕ್ಕೆ, ಬ್ಯಾಟರಿ ರಿಕ್ಷಾದಲ್ಲಿ. ಮೊದಲು ಕ್ಯಾನ್ವಾಸಿನ ಒಂದು ಉದ್ದದ ಕಟ್ಟು ಇಳಿಯಿತು, ಆಮೇಲೆ ಒಂದು ಮರದ ಪೆಟ್ಟಿಗೆ, ಕೊನೆಗೆ ಬಿಳಿ ಸೀರೆಯ ಮೇಲೆ ಬೂದು ಶಾಲು ಹೊದ್ದ ಅವಳು. ಬಾಪಿ ಓಡಿ ಹೋಗಿ ಪೆಟ್ಟಿಗೆ ತಂದು ಕೇರಂ ಬೋರ್ಡಿನ ಮೇಲಿಟ್ಟ. ಮೊದಲೇ ಮಾತಾಗಿತ್ತೆಂದು ಅವನ ಮುಖ ಹೇಳುತ್ತಿತ್ತು. ಜನ ತಾವಾಗಿ ಸುತ್ತ ನಿಂತರು.

"ತೆಗಿ," ಎಂದಳು ರೇಣು. "ಕಲ್ಕತ್ತೆಯಿಂದ ತರಿಸಿದ್ದು. ಎಣ್ಣೆಬಣ್ಣ. ನೀರಿಂದು ಅಳಿಸಿಹೋಗತ್ತಂತೆ, ಇದು ನೂರು ವರ್ಷ ಇರತ್ತಂತೆ."

ನಿಭಾ ಕೊಂಡಿ ತೆಗೆದಳು. ಬೆಳ್ಳಿಯ ಕೊಳವೆಗಳು, ಇಪ್ಪತ್ತನಾಲ್ಕು, ಕೂಸುಗಳ ಹಾಗೆ ಸಾಲಾಗಿ ಮಲಗಿದ್ದವು. ಎಣ್ಣೆಯ ವಾಸನೆ, ಹೊಸ ಬ್ಯಾಟಿನ ವಾಸನೆ. ಒಂದರ ಮುಚ್ಚಳ ತಿರುಗಿಸಿದಳು. ಬಾಯಲ್ಲಿ ನೀಲಿಯ ಒಂದು ಕಾಳು ಕಾಣಿಸಿತು, ಅಷ್ಟು ದಟ್ಟ, ಅಷ್ಟು ತುಂಬಿದ ನೀಲಿಯನ್ನು ಅವಳು ಆವರೆಗೆ ಕಂಡಿರಲಿಲ್ಲ. ನಂತುವಿನ ಅಂಗಡಿಯ ನೀಲಿಗಳೆಲ್ಲ ಇದರ ಬಡ ನೆಂಟರು. ಬೆರಳು ತಾನಾಗಿ ಹತ್ತಿರ ಹೋಯಿತು. ಇದು ಜಾರುವುದಿಲ್ಲ, ಫ್ಲೆಕ್ಸಿನ ಮೇಲೂ ನಿಲ್ಲುತ್ತದೆ ಅನ್ನಿಸಿತು.

"ಶಾಲೆಯ ಹೆಡ್‌ಮಾಸ್ಟರ ಹತ್ರ ಮಾತಾಡಿದ್ದೀನಿ," ಎಂದಳು ರೇಣು. "ಅವನ ಚಿತ್ರ ಬರೆದುಕೊಟ್ರೆ ಲೈಬ್ರರಿಯಲ್ಲಿ ಹಾಕ್ತಾರಂತೆ. ವರ್ಷಾಬ್ದಿಕಕ್ಕೆ ಇನ್ನೂ ಎಂಟು ತಿಂಗಳಿದೆ. ನಿಧಾನಕ್ಕೆ ಬರಿ. ಫೋಟೋ ನೋಡ್ಕೊಂಡು ಬೇಡ, ಫೋಟೋದಲ್ಲಿ ಅವನು ಅವನ ಹಾಗಿಲ್ಲ. ನಿನ್ನ ಮನಸ್ಸಲ್ಲಿ ಇದ್ದಾನಲ್ಲ, ಆ ಮುಕ ಬರಿ."

ಮುಕ, ಅಂದಳು ರೇಣು. ಶುದ್ಧ ಉಚ್ಚಾರಣೆಯ ಮನೆಯ ಮಗಳು. ಹಲ್ಲು ಹೋಗಿ ಉಸಿರು ನಿಲ್ಲುವುದಿಲ್ಲವೋ ಏನೋ, ಅಥವಾ ಅಳು ಬಂದಾಗ ಯಾರಿಗೂ ಮಹಾಪ್ರಾಣ ಬರುವುದಿಲ್ಲ. ಹೂಂ ಅಂದರೆ ಆಯಿತು. ಗಮ್ಚಾಕ್ಕೆ ಅಂದ ಹಾಗೆ ಒಂದು ಹೂಂ. ಪೆಟ್ಟಿಗೆ ಮನೆಗೆ ಬರುತ್ತದೆ, ನೀಲಿ ಬರುತ್ತದೆ, ಆ ತೋಳುಗಳು ಉಳಿಯುತ್ತವೆ. ಎರಡರಿಂದ ನಾಲ್ಕರವರೆಗೆ ಅವನ ಮುಖ ಬರುತ್ತದೆ. ಅವನು ಗೋಡೆಗೆ ಒರಗಿ ಕೂತು ಪ್ರತಿ ಗೆರೆಯ ಪಕ್ಕ ಹತ್ತಕ್ಕೆ ಇಷ್ಟು ಎಂದು ಹಾಕುತ್ತಾನೆ, ಅವನು ಹಾಕದಿದ್ದರೆ ಅವಳೇ ಹಾಕಿಕೊಳ್ಳುತ್ತಾಳೆ, ಮೂಗು ಸರಿಯೇ, ಹುಬ್ಬು ಸರಿಯೇ, ದುಃಖ ಸಾಕೇ. ಒಂದು ದಿನ ಗಡಿಯಾರ ಎರಡು ಹೊಡೆಯುತ್ತದೆ, ಕೈ ಪತ್ರಿಕೆ ಹಾಸುವುದಿಲ್ಲ.

"ದಿದಿ," ಎಂದಳು. "ಆ ಗಮ್ಚಾ ಅವರದಲ್ಲ."

"ಯಾವ ಗಮ್ಚಾ?"

"ಅಲ್ಲಿ. ಅದು ನೆಲ ಒರೆಸೋ ಬಟ್ಟೆ. ಗಾಳಿಗೆ ಉಬ್ಬಿತ್ತು, ಚೆನ್ನಾಗಿ ಕಾಣ್ತು, ಬರೆದೆ. ಬದನೆಕಾಯೀನೂ ಹಾಗೇ. ಇವು ಶೋಖದ ಚಿತ್ರಗಳು ದಿದಿ."

"ಹೂಂ ಕಣೇ, ಶೋಕದ್ದೇ. ನನಗೆ ಗೊತ್ತಿಲ್ವಾ?"

"ಶೋಕ ಅಲ್ಲ." ಬೆಳಗಿನಿಂದ ಮುಷ್ಟಿಯಲ್ಲೇ ಇದ್ದ ಚೀಟಿ ಬೆವರಿಗೆ ಮೆತ್ತಗಾಗಿತ್ತು. ತೋರಿಸಲೆಂದು ಬಿಡಿಸಿ ಎತ್ತಿದಳು, ಅದು ಅವಳ ಮುಖದ ಎದುರಿಗೇ ಬಂತು. "ಶೋಖ," ಎಂದಳು, ಜಿಪುಣತನ ಮಾಡದೆ. ಕಾಗದ ಹಾರಿತು.

ಅಂಗಳದಲ್ಲಿ ಯಾರೋ ಕಿತ್ತಳೆ ಬೀಜ ಉಗಿದದ್ದು ಕೇಳಿಸಿತು. ರೇಣು ಬ್ಯಾನರಿನ ಕಡೆ ನೋಡಿದಳು, ಬದನೆಕಾಯಿಯ ಕಡೆ ನೋಡಿದಳು, ನಿಭಾಳ ಸ್ವೆಟರಿನ ತೋಳಿನ ಮೇಲೆ ಒಣಗಿದ್ದ ಬಿಳಿಯ ಕಡೆ ನೋಡಿದಳು.

"ಅವನು ಆ ಕೋಣೆಯಲ್ಲಿ ಮಲಗಿದ್ದಾಗ?"

"ಹೌದು."

"ನಿನಗೆ ಸುಖ ಆಗ್ತಿತ್ತು?"

"ಆಗ್ತಿತ್ತು. ಎರಡರಿಂದ ನಾಲ್ಕರವರೆಗೆ."

ಬಾಪಿ ಟೋಪಿ ತೆಗೆದು 'ಬೌದಿ' ಎಂದು ಏನೋ ಶುರುಮಾಡಿದ, ನಂತು ಅವನ ಕೈಗೆ ಮಂಡಕ್ಕಿಯ ಪೊಟ್ಟಣ ತುರುಕಿದ. ರೇಣು ಕುರ್ಚಿ ಎಳೆದುಕೊಂಡು ಕೂತಳು, ಬೆಳಿಗ್ಗೆ ನಿಭಾ ಹತ್ತಿದ್ದ ಅದೇ ಮಡಚುವ ಕುರ್ಚಿ. ಶಾಲಿನೊಳಗಿಂದ ಅಡಿಕೆ ಡಬ್ಬಿ ತೆಗೆದಳು, ತೆರೆಯದೆ ಮತ್ತೆ ಒಳಗಿಟ್ಟಳು. ಬಹಳ ಹೊತ್ತು ಬದನೆಕಾಯಿಯನ್ನೇ ನೋಡಿದಳು, ಅದರ ಹೊಟ್ಟೆಯ ಮೇಲಿನ ಸಣ್ಣ ಕಿಟಕಿಯನ್ನು, ಮೂಲೆಯ ನಡುಗುವ ನಾಲ್ಕನ್ನು.

"ನಾಲ್ಕು ಕೊಟ್ನಾ ಇದಕ್ಕೆ?" ಎಂದಳು ಕೊನೆಗೆ. "ಅವನಿಗೇನು ಗೊತ್ತು. ಚಿಕ್ಕೋನಿದ್ದಾಗ ಒಂದು ಆನೆ ಬರೆದಿದ್ದ, ನಾವೆಲ್ಲ ಕುದುರೆ ಅಂದ್ಕೊಂಡ್ವಿ." ಪೆಟ್ಟಿಗೆಯನ್ನು ಎರಡೂ ಕೈಯಿಂದ ನಿಭಾಳ ಕಡೆ ನೂಕಿದಳು, ಕೇರಂ ಪುಡಿಯ ಮೇಲೆ ಅದು ಸಲೀಸಾಗಿ ಜಾರಿ ಬಂತು. "ಆಯ್ತು. ಅಳ್ತಾ ಬರೀಬೇಡ. ಶೋಖಕ್ಕೇ ಬರಿ. ನಗ್ತಿರೋ ಹಾಗೇ ಬರಿ ಬೇಕಾದ್ರೆ. ಆದ್ರೆ ಅವನನ್ನ ಬರಿ."

ನಿಭಾ ನೀಲಿಯ ಮುಚ್ಚಳ ಬಿಗಿಯಾಗಿ ತಿರುಗಿಸಿ, ಕೊಳವೆಯನ್ನು ಅದರ ಜಾಗದಲ್ಲಿ ಮಲಗಿಸಿ, ಪೆಟ್ಟಿಗೆಯ ಕೊಂಡಿ ಹಾಕಿದಳು.

"ಬರಿಯೋದಿಲ್ಲ ದಿದಿ," ಎಂದಳು. "ಯಾರಾದ್ರೂ ಹೇಳಿ ಬರೆಸಿದ್ರೆ ಅದು ಶೋಖ ಅಲ್ಲ."